ಕೊರಕಲಿಗೆ ಬಿದ್ದ ಎಲೆಗಳು

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಲಿ. ಕೂತವರು ಮಾತ್ರ ಕೊನೆತನಕ ಕೂತಿರಬೇಕು.

ಒಂದು ಕಾಡಿನಲ್ಲಿ ಯಾವ ಪ್ರಾಣಿಯೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನೀರು ಬತ್ತಿದಂತೆಲ್ಲ ಜಾಗ ಬದಲಿಸುತ್ತಿದ್ದವು. ಹಾಗಾಗಿ ಸುದ್ದಿ ಬಾಯಿಂದ ಬಾಯಿಗೆ ದಾಟಬೇಕಿತ್ತು. ಸುದ್ದಿ ಕಳಿಸುವವರು ಒಂದು ಎಲೆಯನ್ನು ಕಚ್ಚಿ ಕೊಡುತ್ತಿದ್ದರು. ಹಲ್ಲಿನ ಗುರುತು ನೋಡಿದರೆ ಯಾರದೆಂದು ತಿಳಿಯುತ್ತಿತ್ತು. ಬರೀ ಹಸಿರೆಲೆ ಎಂದರೆ ಕ್ಷೇಮ. ಬೂದಿ ಸವರಿದ ಎಲೆ ಎಂದರೆ ಬೆಂಕಿ ಬಿದ್ದಿದೆ, ಓಡಿ ಬಾ.

ಎಲೆ ಒಯ್ಯುವವರು ಇಬ್ಬರು. ಎಲೆ ಸೇರಬೇಕಾದವರ ಪಕ್ಕದಲ್ಲಿದ್ದವರಿಗೆ ಕೊಟ್ಟರೆ ಅವರು ಮುಟ್ಟಿಸುತ್ತಿದ್ದರು. ಕೋತಿ ದಿನವೂ ಮರದ ತುದಿ ಹತ್ತಿ, ಯಾರ ಪಕ್ಕ ಯಾರಿದ್ದಾರೆ ಎಂದು ಬಾಯಿಪಾಠ ಮಾಡಿಕೊಳ್ಳುತ್ತಿತ್ತು. ಟಿಟ್ಟಿಭ ಹಕ್ಕಿಗೆ ಆ ಗೋಜೇ ಇಲ್ಲ. ಎಲೆ ಕೊಕ್ಕಿಗೆ ಬಂದಾಗ ಮಾತ್ರ, "ಜಿಂಕೆಯ ಹತ್ತಿರ ಯಾರಿದ್ದೀರಿ?" ಎಂದು ಕೂಗಿ ಕೇಳುತ್ತಿತ್ತು.

"ನಿನ್ನ ಬಾಯಿಪಾಠ ಮಧ್ಯಾಹ್ನಕ್ಕೇ ಹಳಸುತ್ತದೆ," ಎಂದಿತು ಟಿಟ್ಟಿಭ.

"ನಿನ್ನ ಕೂಗಿಗೆ ಕಾಡಿಗೆಲ್ಲ ತಲೆನೋವು," ಎಂದಿತು ಕೋತಿ.

"ಜಗಳ ಸಾಕು," ಎಂದಿತು ಆನೆ ಅಜ್ಜಿ. "ಇಪ್ಪತ್ತಿಪ್ಪತ್ತು ಎಲೆ ಒಯ್ಯಿರಿ. ಯಾರದು ಹೆಚ್ಚು ಮುಟ್ಟುತ್ತದೋ ಅವರ ಪದ್ಧತಿ ಇರಲಿ."

ನಡುವೆ ಎಲೆ ದಾಟಿಸಿದವರಿಗೆ ಎಲೆಗೊಂದು ಬೋರೆಹಣ್ಣು ಕೊಡುವುದು ವಾಡಿಕೆ. ನರಿಯ ಕಿವಿ ನಿಮಿರಿತು. ಟಿಟ್ಟಿಭ ಕೂಗಿದಾಗೆಲ್ಲ ಅದೇ ಮೊದಲು ಓಗೊಟ್ಟಿತು. "ನನ್ನಿಂದ ಒಂದೇ ನೆಗೆತ ದೂರ, ಇತ್ತ ಕೊಡು ತಂಗಿ." ಕೋತಿಗೂ ಹೇಳಿತು, "ಎಲ್ಲರ ಪಕ್ಕದಲ್ಲೂ ನಾನೇ. ಹಾಗಂತ ಬಾಯಿಪಾಠ ಮಾಡಿಕೋ ತಮ್ಮ." ಆಮೇಲೆ ಹಣ್ಣು ಹೊಟ್ಟೆಗೆ, ಎಲೆ ಕೊರಕಲಿಗೆ. ಬಿಸಿಲಲ್ಲಿ ಓಡುವ ಕಷ್ಟ ಯಾರಿಗೆ ಬೇಕು?

"ಈ ಕಾಡಿನಲ್ಲಿ ನನ್ನನ್ನು ಬಿಟ್ಟು ಒಂದು ಮಾತೂ ದಾಟದು," ಎಂದು ಹೆಣ್ಣುನರಿಯ ಮುಂದೆ ಮೀಸೆ ಕುಣಿಸಿತು.

"ಮನೆ ಕಡೆಗೂ ಸ್ವಲ್ಪ ನೋಡಿ," ಎಂದಿತು ಹೆಣ್ಣುನರಿ. ಬಿಲದಲ್ಲಿದ್ದ ಮೂರು ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಕೋತಿ ಐದು ಎಲೆ ತಂದಿತು. "ನರಿಯಣ್ಣ, ಇದರಲ್ಲಿ ಒಂದು..."

"ಹಣ್ಣು ಇಡು, ಮಾತು ಕಮ್ಮಿ ಮಾಡು," ಎಂದಿತು ನರಿ.

ಕೋತಿಗೆ ಗೆಲ್ಲುವ ಅವಸರ. ಎಲೆಗಳನ್ನು ಇಟ್ಟು ಮುಂದಿನ ಮರಕ್ಕೆ ಹಾರಿತು. ನರಿ ಐದನ್ನೂ ನೋಡದೆ ಹಿಂಗಾಲಿನಿಂದ ಕೊರಕಲಿಗೆ ತಳ್ಳಿ, ಹಣ್ಣು ತಿಂದು ನೆರಳಲ್ಲಿ ಮಲಗಿತು.

ಸಂಜೆ ಹೊಗೆಯ ವಾಸನೆಗೆ ಎಚ್ಚರವಾಯಿತು. ಓಡಿತು. ಬಿಲವಿದ್ದ ಇಳಿಜಾರು ಸುಟ್ಟು ಕರಿಯಾಗಿತ್ತು. ಹೆಣ್ಣುನರಿ ಉಳಿದ ಒಂದೇ ಮರಿಯನ್ನು ಕಾಲಡಿ ಇಟ್ಟುಕೊಂಡು ಬಂಡೆಯ ಮೇಲೆ ನಿಂತಿತ್ತು.

"ಹೊಗೆ ಕಂಡಾಗಲೇ ಎಲೆ ಕಳಿಸಿದೆ," ಎಂದಿತು. "ನನಗೆ ಇರುವುದು ಒಂದೇ ಬಾಯಿ."

ಆ ಮರಿಯನ್ನು ಕಚ್ಚಿಕೊಂಡು ಹೊರಟುಹೋಯಿತು. ತಿರುಗಿ ನೋಡಲಿಲ್ಲ.

ಇತ್ತ ಕೋತಿಯ ಇಪ್ಪತ್ತು ಎಲೆಗಳಲ್ಲಿ ಮುಟ್ಟಿದ್ದು ನಾಲ್ಕು, ಟಿಟ್ಟಿಭದ್ದು ಐದು. "ಇಷ್ಟು ಕಮ್ಮಿ ಮುಟ್ಟಿದರೆ ಯಾವುದನ್ನು ಮೇಲು ಅನ್ನಲಿ?" ಎಂದು ಆನೆ ಅಜ್ಜಿ ಕಣ್ಣು ಮುಚ್ಚಿತು. ಉಳಿದ ಎಲೆಗಳು ಕೊರಕಲಿನಲ್ಲಿ ಸಿಕ್ಕವು. ಅಂದಿನಿಂದ ನರಿಯ ಕೈಗೆ ಯಾರೂ ಎಲೆ ಕೊಡಲಿಲ್ಲ. ಹೆಣ್ಣುನರಿಗೆಂದು ಅದು ಕಚ್ಚಿ ಕೊಟ್ಟ ಎಲೆಗಳನ್ನೂ ಯಾರೂ ಒಯ್ಯಲಿಲ್ಲ.

ಒಂದು ದಿನ ಟಿಟ್ಟಿಭ ಬಂದು ಒಂದು ಎಲೆಯನ್ನು ಅದರ ಮುಂದಿಟ್ಟಿತು. "ಇದು ನಿನ್ನದು," ಎಂದು ಹಾರಿಹೋಯಿತು.

ಬೂದಿ ಸವರಿದ, ಒಣಗಿದ ಎಲೆ. ಅಂಚಿನಲ್ಲಿ ಹೆಣ್ಣುನರಿಯ ಹಲ್ಲಿನ ಗುರುತು. ನರಿಗೆ ಕೊನೆಗೆ ಸಿಕ್ಕಿದ್ದು ಅದೊಂದೇ.

ನೀತಿ: ಪದ್ಧತಿ ಯಾವುದೇ ಇರಲಿ, ನಡುವೆ ನಿಂತವನು ಸುಳ್ಳನಾದರೆ ಮಾತು ಮುಟ್ಟದು, ಊರವರ ಮಾತನ್ನು ಎಸೆಯುವವನು ಒಂದು ದಿನ ತನ್ನದನ್ನೂ ಎಸೆಯುತ್ತಾನೆ.