ತಿಪ್ಪೆಯ ಮೇಲಿನ ಸೋರೆ ಸಸಿ

ಹೊಳೆದಂಡೆಯ ಆಶ್ರಮದಲ್ಲಿ ಕಲ್ಲಿನಾಥ ಗುರುಗಳು ಹೇಳಿದ್ದೇ ವೇದವಾಕ್ಯ. ಶಿಷ್ಯ ಕೇತಯ್ಯನಿಗಂತೂ ಅದರ ಮುಂದೆ ಇನ್ನೊಂದು ಮಾತಿಲ್ಲ.

ಸೋರೆ ಬೀಜವನ್ನು ಚೂಪು ತುದಿ ಕೆಳಗೆ ಮಾಡಿ ಊರಬೇಕು, ತಲೆಕೆಳಗಾದರೆ ಮೊಳೆಯುವುದಿಲ್ಲ ಎಂದು ಗುರುಗಳು ಪ್ರತಿ ಮಳೆಗಾಲವೂ ಹೇಳುತ್ತಿದ್ದರು. ಕೇತಯ್ಯ ಒಂದೊಂದೇ ಬೀಜವನ್ನು ತಿರುಗಿಸಿ ನೋಡಿ ಊರುತ್ತಿದ್ದ.

ಒಂದು ಬೆಳಿಗ್ಗೆ ಕಸ ಚೆಲ್ಲಲು ಹೋದವನು ಬುಟ್ಟಿ ಕೆಳಗಿಟ್ಟು ಬಗ್ಗಿ ನೋಡಿದ. ಯಾರೋ ಹೇಗೆಂದರೆ ಹಾಗೆ ಎಸೆದಿದ್ದ ಸೋರೆ ಬೀಜಗಳೆಲ್ಲ ತಿಪ್ಪೆಯ ಮೇಲೆ ಸೊಂಪಾಗಿ ಮೊಳೆತಿದ್ದವು. ಉಳಿದ ಶಿಷ್ಯರು ಕಂಡರೆ ಗುರುಗಳ ಮಾತಿಗೆ ಏನು ಬೆಲೆ? ಅವನು ಹಿಂದೆ ಮುಂದೆ ನೋಡದೆ ಸಸಿ ಕೀಳತೊಡಗಿದ.

"ಏನು ಮಾಡ್ತಿದ್ದೀಯ, ಕೇತ?" ಗುರುಗಳು ಹಿಂದೆಯೇ ನಿಂತಿದ್ದರು.

"ನಿಮ್ಮ ಮಾತು ಉಳಿಸ್ತಿದ್ದೀನಿ, ಗುರುಗಳೇ."

ಗುರುಗಳು ಅವನ ಮುಷ್ಟಿ ಬಿಡಿಸಿ ಒಂದು ಸಸಿ ತೆಗೆದುಕೊಂಡರು. ಅದರ ಬೇರು ಮೊದಲು ಮೇಲಕ್ಕೆ ಹೊರಟು, ಆಮೇಲೆ ಕೊಕ್ಕೆಯ ಹಾಗೆ ಬಾಗಿ ಕೆಳಕ್ಕಿಳಿದಿತ್ತು. ಅವರು ತಿಪ್ಪೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖದಲ್ಲಿ ಹಬ್ಬದ ಕಳೆ.

ತಮಗೆ ಇದನ್ನು ಹೇಳಿಕೊಟ್ಟವರು ತಮ್ಮ ಗುರುಗಳು, ಅವರಿಗೆ ಅವರ ಗುರುಗಳು, ಬೀಜವನ್ನು ಮಾತ್ರ ಯಾರೂ ಕೇಳಿರಲಿಲ್ಲ ಎಂದು ನಕ್ಕರು.

"ಹಾಗಾದರೆ ನಿಮ್ಮ ಮಾತು ಸುಳ್ಳೇ?" ಕೇತಯ್ಯನಿಗೆ ಅಳು ಬರುವ ಹಾಗಿತ್ತು.

"ಇದೊಂದನ್ನೇ ನೋಡಿ ಹೇಗೆ ಹೇಳೋದು? ನಡಿ, ಬೀಜ ತಾ."

ಒಂದೇ ಮಡಿಯಲ್ಲಿ ಮೂರು ಸಾಲು ಊರಿದರು. ಒಂದರಲ್ಲಿ ತುದಿ ಕೆಳಗೆ, ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಅಡ್ಡಡ್ಡ. ಕೇತಯ್ಯ ದಿನವೂ ನೀರು ಹೊಯ್ಯುತ್ತಿದ್ದ, ತುದಿ ಕೆಳಗಿದ್ದ ಸಾಲಿಗೆ ಮಾತ್ರ ಒಂದು ಬೊಗಸೆ ಹೆಚ್ಚು. ಗುರುಗಳು ಅದನ್ನೂ ಕಂಡುಹಿಡಿದರು.

"ಪ್ರೀತಿ ನನ್ನ ಮೇಲಿರಲಿ. ನೀರು ಮೂರಕ್ಕೂ ಒಂದೇ ಅಳತೆ."

ಮಡಿ ಅಗೆದು, ಹೊಸ ಬೀಜ ತರಿಸಿ, ಮೊದಲಿನಿಂದ ಊರಿಸಿದರು.

ಕೆಲವು ದಿನಗಳಲ್ಲಿ ಮೂರೂ ಸಾಲು ಮೊಳೆತವು. ಗುರುಗಳು ಪಂಚೆ ಎತ್ತಿ ಕಟ್ಟಿ ಮಡಿಯ ಸುತ್ತ ಕುಣಿದೇಬಿಟ್ಟರು. ತಮ್ಮ ಮಾತು ತಪ್ಪಾಯಿತೆಂದು ಇಷ್ಟು ಖುಷಿಪಟ್ಟವರನ್ನು ಕೇತಯ್ಯ ಎಲ್ಲೂ ಕಂಡಿರಲಿಲ್ಲ. ಅಷ್ಟು ದಿನ ಹೊತ್ತಿದ್ದ ಭಾರ ಇಳಿದು ಅವನಿಗೂ ನಗು ತಡೆಯಲಾಗಲಿಲ್ಲ.

"ಗುರುಗಳೇ, ನಾಳೆ ಹೊಸ ಶಿಷ್ಯರು ಬರ್ತಾರೆ. ಬೀಜ ಹೇಗೆ ಊರಿದರೂ ಮೊಳೆಯುತ್ತೆ ಅಂತ ಅವರಿಗೆ ಹೇಳಲಾ?"

"ಏನೂ ಹೇಳಬೇಡ. ಕೈಗೆ ಬೀಜ ಕೊಡು."