ಬಾನೆಟ್ಟಿನ ಮೇಲಿನ ಹಾರ

ರಾಣೇಬೆನ್ನೂರಿನಲ್ಲಿ ಮಾಲತೇಶ ಎಂಬ ಹೂಗಾರನಿದ್ದ. ಊರಲ್ಲಿ ಯಾರು ಗಾಡಿ ಕೊಂಡರೂ ಅದಕ್ಕೆ ಹಾರ ಕಟ್ಟುವವನು ಅವನೇ. ಮದುವೆಯ ಕಾರಾಗಲಿ, ಹೊಸ ಟ್ರ್ಯಾಕ್ಟರಾಗಲಿ, ಚೆಂಡುಹೂವಿನ ಹಾರವನ್ನು ಬಾನೆಟ್ಟಿನ ಮೇಲೆ ಅಡ್ಡಡ್ಡ ಎಳೆದು, ನಂಬರ್ ಪ್ಲೇಟಿನ ಹತ್ತಿರ ಗಂಟು ಹಾಕಿ, ಹಿಂದೆ ಸರಿದು ನಿಂತು ನೋಡುತ್ತಿದ್ದ. ಮಾಲೀಕ ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಹೊರಟುಬಿಡುತ್ತಿದ್ದ. ಮಾಲತೇಶನ ಕೈಯಲ್ಲಿ ಉಳಿಯುತ್ತಿದ್ದದ್ದು ದಾರದ ಉಂಡೆ.

ಅವನಿಗೂ ಒಂದು ಆಸೆಯಿತ್ತು. ತನ್ನದೇ ಒಂದು ಸಣ್ಣ ಕಾರು ಇರಬೇಕು. ಹೆಂಡತಿ ಹೊನ್ನಮ್ಮ ಮುಂದಿನ ಸೀಟಿನಲ್ಲಿ ತನ್ನ ಪಕ್ಕ ಕೂರಬೇಕು. ತನ್ನ ಮದುವೆಯ ದಿನ ಬೆಳಿಗ್ಗೆ ಬೇರೆ ಯಾರದೋ ಕಾರಿಗೆ ಹೂ ಕಟ್ಟಿ ಬಂದವನು ಅವನು. ಸಂಜೆ ಹೊನ್ನಮ್ಮನನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕರೆತಂದ. ಅವಳು ಪಾತ್ರೆ ಪಡಗಗಳ ನಡುವೆ ನಿಂತೇ ಬಂದಿದ್ದಳು. ಅವಳು ಅದನ್ನು ಮರೆತಳು. ಅವನು ಮರೆಯಲಿಲ್ಲ.

ಆಮೇಲೆ ಬಂದದ್ದು ಮೊಪೆಡ್. ಅದರ ಮೇಲೆ ಮುಂದೆ ಅವನು, ಹಿಂದೆ ಅವಳು, ಇಬ್ಬರ ನಡುವೆ ಹೂವಿನ ಬುಟ್ಟಿ. ಅವಳು ಏನಾದರೂ ಹೇಳಿದರೆ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತಿತ್ತು. ಅವನು "ಆಂ?" ಅನ್ನುತ್ತಿದ್ದ. ಅವಳು "ಏನಿಲ್ಲ, ಹೊಡಿ" ಅನ್ನುತ್ತಿದ್ದಳು. ಕಾರು ಇಲ್ಲದಿದ್ದರೂ ಅವನು ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಟ್ಟಿದ್ದ. ಬಳಸದೆಯೇ ಅದರ ಅವಧಿ ಮುಗಿದು ಒಮ್ಮೆ ನವೀಕರಣವೂ ಆಗಿತ್ತು.

ಹೆದ್ದಾರಿಯ ಪಕ್ಕ ಕೊಟ್ರಪ್ಪ ಎಂಬವನ ಹಳೇ ಕಾರುಗಳ ಅಂಗಡಿಯಿತ್ತು. ಮಾತು ಕಡಿಮೆ, ಲೆಕ್ಕ ಜಾಸ್ತಿ ಎಂದು ಹೆಸರಾದ ಮನುಷ್ಯ. ಅವನ ಅಂಗಳಕ್ಕೆ ಒಂದು ಸಣ್ಣ ಕೆಂಪು ಕಾರು ಬಂತು. ಮಾಲತೇಶ ಅಲ್ಲಿ ಬೇರೆ ಗಾಡಿಗಳಿಗೆ ಹಾರ ಕಟ್ಟಲು ಬಂದಾಗಲೆಲ್ಲ ಆ ಕಾರಿನ ಹತ್ತಿರ ಹೋಗಿ ಅದರ ಕನ್ನಡಿ ಒರೆಸಿ ಬರುತ್ತಿದ್ದ.

ಕೊಟ್ರಪ್ಪ ಒಂದು ದಿನ ಕೇಳಿಯೇಬಿಟ್ಟ. "ಏನೋ ಹೂಗಾರ, ಆ ಕನ್ನಡಿ ಸವದು ಹೋಗೂದ್ರಾಗ ಗಾಡಿ ತಗೋತಿಯೋ ಹೆಂಗ?"

ಬೆಲೆಯ ಮಾತಾಯಿತು. ಕೊಟ್ರಪ್ಪ ಹೇಳಿದ, "ಸೋಮವಾರ ಬಾ. ಗಾಡಿ ಪೂರ್ತಿ ತೋರಸ್ತೀನಿ. ಮನಸ್ಸಿಗೆ ಬಂದ್ರ ಒಯ್ಯಿ."

ಮಾಲತೇಶನ ಕಿವಿಗೆ ಬಿದ್ದದ್ದು "ಒಯ್ಯಿ" ಎಂಬ ಕೊನೆಯ ಮಾತು ಮಾತ್ರ.

ಸೋಮವಾರ ಕೊಟ್ರಪ್ಪ ಅಂಗಡಿಗೆ ಬರುವ ಹೊತ್ತಿಗೆ ಗಂಡ ಹೆಂಡತಿ ಅಂಗಡಿಯ ಹುಡುಗನಿಂದ ಗೇಟು ತೆಗೆಸಿಕೊಂಡು ಒಳಗಿದ್ದರು. ಹೊನ್ನಮ್ಮ ಹೊಸ ಸೀರೆ ಉಟ್ಟಿದ್ದಳು. ಮಾಲತೇಶನ ಕೈಯಲ್ಲಿ ತೆಂಗಿನಕಾಯಿ. ಕೆಂಪು ಕಾರಿನ ಮೇಲೆ ಆಗಲೇ ಹಾರ ಕೂತಿತ್ತು. ಅಂಥ ಹಾರವನ್ನು ಊರು ಅದುವರೆಗೆ ನೋಡಿರಲಿಲ್ಲ. ಚೆಂಡುಹೂವೇ ಇಲ್ಲ. ಬರೀ ಮಲ್ಲಿಗೆ, ನಡುನಡುವೆ ಕೆಂಡಸಂಪಿಗೆ.

ಹಾರ ಬಿದ್ದ ಗಾಡಿಯ ಬಾನೆಟ್ಟನ್ನು ಯಾರೂ ತೆರೆಯುವುದಿಲ್ಲ. ತೆರೆದರೆ ಹಾರ ಕಡಿಯುತ್ತದೆ, ಅಪಶಕುನ ಅನ್ನುತ್ತಾರೆ. ಗಾಡಿ ಮಾರುವವರಲ್ಲಿ ಕೆಲವರಿಗೆ ಇದು ಚೆನ್ನಾಗಿ ಗೊತ್ತು. ಅಂಥವರು ದೋಷ ಕೇಳಿಸದ ಹಾಗೆ ಗಿರಾಕಿ ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟು, ಹಾರವನ್ನೂ ತಾವೇ ತರಿಸಿಟ್ಟು, "ಟೈಮ್ ಮೀರ್ತೈತಿ, ಪೂಜೆ ಆಗಲಿ" ಎಂದು ಅವಸರ ಮಾಡುತ್ತಾರೆ. ಇಲ್ಲಿ ಗಿರಾಕಿಯೇ ಹಾರ ಹಾಕಿಕೊಂಡು ನಿಂತಿದ್ದ. ಕೊಟ್ರಪ್ಪ ಸುಮ್ಮನಿದ್ದರೂ ಕೆಲಸ ಮುಗಿಯುತ್ತಿತ್ತು.

"ಹಾರ ಬಿಚ್ಚು," ಅಂದ ಕೊಟ್ರಪ್ಪ.

"ಯಾಕ್ರಿ ಯಜಮಾನ್ರ? ಕಟ್ಟಿದ ಹಾರ ಬಿಚ್ಚಬಾರದು. ಇವತ್ತು ಬಿಟ್ರ ನಾಳಿಂದ ಆಷಾಢ."

"ಬಾನೆಟ್ ತಗೀಬೇಕು."

"ಬೆಳಿಗ್ಗೆನ ಮುಟ್ಟಿ ನೋಡೀನಿ. ತಣ್ಣಗ ಐತಿ."

"ಯಾಕ ಮುಟ್ಟಿದಿ?"

"ಬಿಸಿ ಇದ್ರ ಮಲ್ಲಿಗಿ ಬಾಡ್ತೈತಲ್ರಿ."

ಕೊಟ್ರಪ್ಪ ಹೊನ್ನಮ್ಮನ ಕಡೆ ತಿರುಗಿದ. "ಕೇಳಿದ್ಯೇನಬೇ? ಎಂಜಿನ್ ಸಲುವಾಗಿ ಮುಟ್ಟಬೇಕಾದ್ದನ್ನ ಹೂವಿನ ಸಲುವಾಗಿ ಮುಟ್ಯಾನ ನಿನ್ನ ಗಂಡ."

"ನನ್ನೂ ಹಂಗ ನೋಡಿ ಒಪ್ಪಿದ್ರು ಇವ್ರು. ಮುಡಿದ ಹೂವಷ್ಟ ನೋಡಿದ್ರು," ಅಂದಳು ಹೊನ್ನಮ್ಮ. ಅಂದು ತಾನೇ ಮುಂದೆ ಬಂದು ಹಾರದ ಒಂದು ಗಂಟು ಬಿಚ್ಚಿದಳು. ಇನ್ನೊಂದನ್ನು ಮಾಲತೇಶ ಬಿಚ್ಚಬೇಕಾಯಿತು.

ಬಾನೆಟ್ ತೆರೆಯಿತು. ಕೊಟ್ರಪ್ಪ ಆಯಿಲ್ ಮುಚ್ಚಳ ತಿರುಗಿಸಿ ಅದರ ಒಳಭಾಗ ತೋರಿಸಿದ. "ಇಲ್ಲಿ ಹಾಲು ಹಾಕಿದ ಚಾದಂಗ ನೊರಿ ಇದ್ರ ಎಂಜಿನ್ನಿಗೆ ನೀರು ಸೇರೈತಿ ಅಂತ ಅರ್ಥ. ಇಲ್ಲಿಲ್ಲ. ಈಗ ಚಾಲೂ ಮಾಡು. ತಣ್ಣಗಿದ್ದಾಗ ಚಾಲೂ ಮಾಡಿದ್ರ ಎಂಜಿನ್ ಸುಳ್ಳು ಹೇಳಂಗಿಲ್ಲ."

ಎಂಜಿನ್ ಮೊದಲು ಕರಕರ ಅಂದು ಆಮೇಲೆ ಹದವಾಗಿ ಓಡತೊಡಗಿತು.

"ಆ ಕರಕರ ಒಳಗಿನ ಚೈನಿಂದು. ಈಗಲ್ಲದಿದ್ರೂ ಮುಂದ ಬದಲಿಸಬೇಕು."

"ಬದಲಿಸೋಣ್ರಿ."

ಬಾನೆಟ್ ಮುಚ್ಚಿ ಗಂಡಸರಿಬ್ಬರೂ ಅಂಗಳದಲ್ಲಿ ಒಂದು ಸುತ್ತು ಹೋಗಿ ಬಂದರು. ಉಬ್ಬು ದಾಟುವಾಗ ಮುಂದಿನ ಗಾಲಿಯ ಹತ್ತಿರ ಟಕ್ ಅಂದಿತು. ಗಾಲಿಯ ಕುಲುಕು ತಡೆಯುವ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಸವೆದಿದೆ ಅಂದ ಕೊಟ್ರಪ್ಪ. ಪೆಡಲು ಪೂರ್ತಿ ಮೇಲೆ ಬಂದ ನಂತರವೇ ಕ್ಲಚ್ಚು ಹಿಡಿಯುತ್ತಿತ್ತು. ಅದರ ಆಯುಷ್ಯವೂ ಮುಗಿಯುತ್ತ ಬಂದಿದೆ ಅಂದ. ಕಾಲಡಿಯ ಕಾರ್ಪೆಟ್ ಎತ್ತಿಸಿ ತುಕ್ಕು, ನೀರಿನ ವಾಸನೆ ಇಲ್ಲವೆಂದು ತೋರಿಸಿದ. ಎಡಗಡೆಯ ಟೈರು ಒಂದೇ ಅಂಚಿನಲ್ಲಿ ಸವೆದಿತ್ತು. ಇವೆಲ್ಲವನ್ನೂ ಸೇರಿಸಿ ಬೆಲೆಯಲ್ಲಿ ಇಳಿಸುವುದಾಗಿ ತಾನೇ ಹೇಳಿದ.

ಮಾಲತೇಶ ಎಲ್ಲದಕ್ಕೂ ತಲೆಯಾಡಿಸಿದ. "ಮಣಕಾಲು ನಂದೂ ಟಕ್ ಅಂತಾವ್ರಿ. ನಡಿಯೂದು ಬಿಟ್ಟೀನೇನು? ಹಾರ ಹಾಕ್ಲಾ?"

"ಇನ್ನೊಂದು ಐತಿ," ಅಂದ ಕೊಟ್ರಪ್ಪ. ಫೋನು ತೆಗೆದು, ಕಾರು ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ಗಾಡಿಯ ಚಾಸಿ ನಂಬರ್ ಒತ್ತಿದ. ಗಿರಾಕಿಯ ಎದುರೇ ಒತ್ತಿ ನೋಡುವುದು ಅವನ ಪದ್ಧತಿ. ಬಂದದ್ದನ್ನು ಓದಿ ಫೋನನ್ನು ಮಾಲತೇಶನ ಕಡೆ ತಿರುಗಿಸಿದ.

"ರೀಕಾಲ್ ಬಾಕಿ ಐತಿ."

"ಹಂಗಂದ್ರ?"

"ಗಾಡಿ ಮಾರಿದ ಮ್ಯಾಲೆ ತಪ್ಪು ಕಂಡ್ರ ಕಂಪನಿನ ವಾಪಸ್ ಕರದು ಪುಕಟ ಸರಿ ಮಾಡಿ ಕೊಡ್ತೈತಿ. ಇದನ್ನೂ ಕರದಾರ. ಮೊದಲಿನ ಮಾಲೀಕ ಒಯ್ದಿಲ್ಲ. ಏರ್‌ಬ್ಯಾಗಿನ ತಪ್ಪು. ಗಾಡಿ ಎಲ್ಲಾದ್ರೂ ಬಡಿದ್ರ ಅದು ಚೀಲದಂಗ ಉಬ್ಬಿ ಮನಷ್ಯಾನ್ನ ಕಾಯಬೇಕು. ಇದು ಕಾಯೂ ಬದ್ಲಿ ಸಿಡಿದು, ಒಳಗಿನ ಕಬ್ಬಿಣದ ಚೂರು ಮುಖಕ್ಕ ಹೊಡೀಬಹುದು."

ಮಾಲತೇಶ ತೆಂಗಿನಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಇಷ್ಟು ವರ್ಷ ಏನಾಗಿಲ್ಲಲ್ರಿ. ಇನ್ನೊಂದು ತಿಂಗಳು ಓಡಂಗಿಲ್ಲೇನು? ಇವತ್ತು ಒಯ್ತೀನಿ. ಆಷಾಢ ಮುಗದ ಮ್ಯಾಲೆ ತೋರಸ್ತೀನಿ. ನಿಮಗೇನು, ರೊಕ್ಕ ಬರ್ತೈತಿ."

"ರೊಕ್ಕ ಬರ್ತೈತಿ. ಆದ್ರ ನೀ ಊರಿನ ಎಲ್ಲಾ ಗಾಡಿ ಮುಂದ ನಿಲ್ಲಾಂವ. ನಿನ್ನ ಗಾಡಿಗೆ ಏನರ ಆದ್ರ ಒಂದೊಂದು ಹಾರದ ಜೊತಿಗೆ ನನ್ನ ಹೆಸರೂ ಕಟ್ತಿ. ಅಷ್ಟು ಸಸ್ತಾ ರೊಕ್ಕ ನನಗ ಬ್ಯಾಡ."

"ನಾ ಯಾರಿಗೂ ಹೇಳಂಗಿಲ್ರಿ. ಆಣಿ ಮಾಡ್ತೀನಿ."

"ಆತು. ಒಂದು ಮಾತು ಕೇಳ್ತೀನಿ. ಆ ತಪ್ಪು ಡ್ರೈವರ್ ಕಡೆ ಇಲ್ಲ. ಎಡಗಡೆ ಸೀಟಿನ ಮುಂದ ಐತಿ. ಅಲ್ಲಿ ಯಾರು ಕೂಡಾವ್ರು?"

ಮಾಲತೇಶ ತಿರುಗಿ ನೋಡಿದ. ಇವರ ಮಾತು ನಡೆದಿರುವಾಗ ಹೊನ್ನಮ್ಮ ಬಾಗಿಲು ತೆರೆದು ಅಲ್ಲಿ ಕೂತಾಗಿತ್ತು. ಸೀರೆಯ ನೆರಿಗೆ ಬಾಗಿಲಿಗೆ ಸಿಗದ ಹಾಗೆ ಒಳಗೆಳೆದುಕೊಂಡಿದ್ದಳು. ಎರಡೂ ಕೈ ತೊಡೆಯ ಮೇಲೆ. ಕಣ್ಣು ಮುಂದಿನ ಗಾಜಿನಾಚೆ. ಇಷ್ಟು ವರ್ಷ ಅವನು ಮನಸ್ಸಿನಲ್ಲಿ ಕಂಡಿದ್ದು ಇದನ್ನೇ. ಆ ಕನಸಿನಲ್ಲಿಯೂ ಅವಳು ಹೀಗೆಯೇ ಕೂತಿರುತ್ತಿದ್ದಳು.

"ಇಳಿ," ಅಂದ ಮಾಲತೇಶ.

"ಈಗಷ್ಟ ಕುಂತೀನಿ."

"ಇಳಿ ಅಂದ್ನಲ್ಲ."

ಅವಳು ಅವನ ಮುಖ ನೋಡಿದಳು. ನೆರಿಗೆ ಹಿಡಿದುಕೊಂಡು ಇಳಿದಳು. ಅವನು ಬಾಗಿಲನ್ನು ಮೆಲ್ಲಗೆ ಮುಚ್ಚಿದ.

ಕೊಟ್ರಪ್ಪ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನು ಮಾಡಿದ. ಬದಲಿಸುವ ಸಾಮಾನು ಹೊರಗಿನಿಂದ ಬರಬೇಕು, ಹತ್ತಿರ ಹತ್ತಿರ ತಿಂಗಳು ಹಿಡಿಯಬಹುದು ಅಂದರು. ಅಲ್ಲಿಯತನಕ ಗಾಡಿ ಅಂಗಳದಲ್ಲೇ ಇರಲಿ ಅಂದ ಕೊಟ್ರಪ್ಪ. "ಇದು ಸರಿಯಾಗೂತನ ನಾ ಯಾರಿಗೂ ಕೊಡಂಗಿಲ್ಲ. ಹೆಂಗೂ ನಿಂತಿರ್ತೈತಿ. ನಿನ್ನ ಹೆಸರಲೆ ನಿಂತಿರ್ಲಿ."

ಅಷ್ಟರಲ್ಲಿ ಬ್ಯಾಡಗಿಯಿಂದ ಒಂದು ಕುಟುಂಬ ತಾವು ಗೊತ್ತು ಮಾಡಿಟ್ಟಿದ್ದ ವ್ಯಾನು ಒಯ್ಯಲು ಬಂತು. ಹಾರ ತರುವುದು ಮರೆತಿದ್ದರು. ಹೊತ್ತು ಮೀರುತ್ತಿತ್ತು. ಮಾಲತೇಶ ನೆಲದಲ್ಲಿ ಬಟ್ಟೆಯ ಮೇಲಿಟ್ಟಿದ್ದ ಮಲ್ಲಿಗೆಯ ಹಾರವನ್ನು ಒಂದು ಸಲ ನೋಡಿದ. ಎತ್ತಿಕೊಂಡು ಹೋಗಿ ವ್ಯಾನಿನ ಮೇಲೆ ಹಾಕಿದ. ವ್ಯಾನು ದೊಡ್ಡದು, ಹಾರ ಸಾಲಲಿಲ್ಲ. ದಾರದಿಂದ ಜೋಡಿಸಿ ಉದ್ದ ಮಾಡಿದ. ಎಂದಿನಂತೆ ಹಿಂದೆ ಸರಿದು ನಿಂತ. ವ್ಯಾನು ಹೆದ್ದಾರಿಗೆ ಇಳಿದು ಕಾಣದಾಗುವವರೆಗೆ ಅವನ ಕಣ್ಣು ಅದರ ಮೇಲೇ ಇತ್ತು.

ಗಂಡ ಹೆಂಡತಿ ಮೊಪೆಡ್ ಏರಿ ಮನೆಗೆ ಹೋದರು.

ಆಷಾಢ ಬಂತು. ಮದುವೆಯಿಲ್ಲ, ಹೊಸ ಗಾಡಿಯಿಲ್ಲ, ಹೂಗಾರನಿಗೆ ಕೆಲಸವಿಲ್ಲ. ಸಂಜೆಯಾದರೆ ಇಬ್ಬರೂ ಕೊಟ್ರಪ್ಪನ ಅಂಗಳಕ್ಕೆ ಬರತೊಡಗಿದರು. ಕೊಟ್ರಪ್ಪ ಕೀಲಿ ಕೊಟ್ಟು, "ಹಾರ್ನ್ ಹೊಡೀಬ್ಯಾಡ್ರಿ, ಬ್ಯಾಟರಿ ಇಳಿತೈತಿ" ಎಂದು ತನ್ನ ಕೆಲಸ ನೋಡಿಕೊಳ್ಳುತ್ತಿದ್ದ. ಮಾಲತೇಶ ಸ್ಟಿಯರಿಂಗ್ ಹಿಡಿದು ಕೂರುತ್ತಿದ್ದ. ಹೊನ್ನಮ್ಮ ಹಿಂದಿನ ಸೀಟಿನಲ್ಲಿ. ಎಡಗಡೆಯ ಮುಂದಿನ ಸೀಟು ಖಾಲಿ. ನಿಂತ ಗಾಡಿಯಲ್ಲಿ ಕೂತರೆ ಏನೂ ಆಗುವುದಿಲ್ಲವೆಂದು ಕೊಟ್ರಪ್ಪ ಎಷ್ಟು ಹೇಳಿದರೂ ಮಾಲತೇಶ ಅವಳನ್ನು ಅಲ್ಲಿ ಕೂರಗೊಡಲಿಲ್ಲ. ಒಳಗಿನ ಕನ್ನಡಿಯನ್ನು ಅವಳ ಮುಖ ಕಾಣುವಂತೆ ತಿರುಗಿಸಿಕೊಂಡ.

"ಎಲ್ಲಿಗೆ ಹೊಂಟೀವಿ?" ಅಂತ ಒಂದು ಸಂಜೆ ಹೊನ್ನಮ್ಮ ಕೇಳಿದಳು.

"ಹರಿಹರಕ್ಕ. ಹೊಳಿ ನೋಡಾಕ."

"ಈಗ ತುಂಬಿರ್ತೈತಲ್ಲ ಹೊಳಿ?"

"ತುಂಬಿರ್ತೈತಿ."

"ಹಂಗಾರ ನಿಧಾನ ಹೊಡಿ."

ಅವನು ನಿಧಾನವಾಗಿ ಸ್ಟಿಯರಿಂಗ್ ತಿರುಗಿಸಿದ. ಹೊರಗೆ ಆಷಾಢದ ಗಾಳಿ ಧೂಳೆಬ್ಬಿಸುತ್ತಿತ್ತು. ಕಾರು ನಿಂತಲ್ಲೇ ನಿಂತಿತ್ತು. ಬಹಳ ಹೊತ್ತಾದ ಮೇಲೆ, ಅವರ ಮಾತು ಕೇಳಿಸಿಕೊಂಡಿದ್ದ ಕೊಟ್ರಪ್ಪ ಗೇಟಿನ ಬೀಗ ಹಿಡಿದು ಬಂದು ಗಾಜು ತಟ್ಟಿದ.

"ಏನಪಾ, ಹೊಳಿ ಮುಟ್ಟಿದ್ರೇನು? ನಾ ಮನಿಗೆ ಹೋಗಬೇಕು."

"ಇನ್ನೂ ಇಲ್ರಿ," ಅಂದ ಮಾಲತೇಶ. "ಸಮೀಪ ಬಂದೀವಿ."

ನೀತಿ: ಆಸೆ ಎಷ್ಟೇ ಹಳೆಯದಿರಲಿ, ಹಾರ ಹಾಕುವ ಮೊದಲು ಬಾನೆಟ್ ತೆರೆದು ನೋಡಬೇಕು. ಎಂಜಿನ್ ತಣ್ಣಗಿರುವಾಗ ಅದರ ಸದ್ದು ಕೇಳಬೇಕು, ರೀಕಾಲ್ ಬಾಕಿ ಇದೆಯೇ ಎಂದು ವಿಚಾರಿಸಬೇಕು. ಕಾದರೆ ಆಸೆ ಕೆಡುವುದಿಲ್ಲ. ಅವಸರಪಟ್ಟರೆ, ಯಾರಿಗಾಗಿ ಆಸೆಪಟ್ಟೆವೋ ಪೆಟ್ಟು ಅವರಿಗೇ ಬೀಳುತ್ತದೆ.