ಹಿಂದಿನ ಸೀಟು

ಮಲಪ್ರಭೆಯ ದಂಡೆಯ ಆಶ್ರಮಕ್ಕೆ ಒಂದು ಕಾರಿತ್ತು. ಭಕ್ತರೊಬ್ಬರು ದಾನವಾಗಿ ಕೊಟ್ಟದ್ದು. ಓಡಿಸುವವನು ಶಿಷ್ಯ ಚನ್ನಮಲ್ಲ.

ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಊರೂರಿಗೆ ಪ್ರವಚನಕ್ಕೆ ಹೊರಟರೆ ಅಜ್ಜಾರು ಮುಂದೆ, ಚನ್ನಮಲ್ಲನ ಪಕ್ಕ. ಹಿಂದೆ ತಬಲಾದವನು, ಹಾರ್ಮೋನಿಯಂ ಪೇಟಿಯವನು, ಮೂಲೆಯಲ್ಲಿ ಸಾತವ್ವ. ಅಜ್ಜಾರು ಬಾಯಿ ತೆರೆಯುವ ಮೊದಲು ವಚನ ಹಾಡುವವಳು ಆಕೆ. ಆಕೆಯ ಹಾಡು ಕೇಳಿದ ಮೇಲೆ ಪ್ರವಚನ ಯಾಕೆ ಬೇಕು ಎಂದು ಅಜ್ಜಾರೇ ನಗುತ್ತಿದ್ದರು.

ಆ ಸಾತವ್ವ ಪ್ರವಚನಕ್ಕೆ ಬರುವುದನ್ನು ಬಿಟ್ಟಳು. ಕರೆದರೆ “ಇವತ್ತ ಆಗೂದಿಲ್ರಿ” ಅನ್ನುವಳು. ಯಾಕೆ ಎಂದು ಹೇಳುತ್ತಿರಲಿಲ್ಲ.

ಚನ್ನಮಲ್ಲನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಒಂದು ಮಧ್ಯಾಹ್ನ ಪ್ರಸಾದದ ಪಂಕ್ತಿಯಲ್ಲಿ, ಸಾರಿನ ಸೌಟು ಹಿಡಿದುಕೊಂಡೇ ಅಂದುಬಿಟ್ಟ.

“ಸಾತವ್ವಾ, ಮಂದಿ ಹೊಗಳಿ ಹೊಗಳಿ ನಿನಗ ಸೊಕ್ಕು ಬಂದೈತಿ. ಊಟಕ್ಕಷ್ಟ ಬರ್ತಿ, ಸೇವಾಕ್ಕ ಒಲ್ಲೆ ಅಂತಿ.”

ಸಾತವ್ವ ತಟ್ಟೆಯಲ್ಲಿದ್ದುದನ್ನು ಉಂಡು ಮುಗಿಸಿದಳು. ತಟ್ಟೆ ತೊಳೆದಿಟ್ಟು ಮನೆಗೆ ಹೋದಳು. ಮರುದಿನದಿಂದ ಪ್ರಸಾದಕ್ಕೂ ಬರಲಿಲ್ಲ.

ಅಜ್ಜಾರು ಮುಂದಿನ ಪ್ರವಚನದ ದಿನ ಕಾರಿನ ಹಿಂದಿನ ಬಾಗಿಲು ತೆಗೆದು ಮೂಲೆಯಲ್ಲಿ ಕೂತರು.

“ಅಜ್ಜಾರ, ಅದು ನಿಮ್ಮ ಜಾಗಾ ಅಲ್ರಿ.”

“ಸಾತವ್ವನ ಜಾಗಾ ಖಾಲಿ ಐತೆಲ್ಲೊ. ನಡಿ.”

ಮುಂದಿನ ಸೀಟಿನ ಮೇಲೆ ಹಾಸಿದ್ದ ಕಾವಿ ಬಟ್ಟೆಯನ್ನೇ ಕೂರಿಸಿಕೊಂಡು ಚನ್ನಮಲ್ಲ ಎಂದಿನಂತೆ ಓಡಿಸಿದ. ಆ ರಸ್ತೆಯ ಒಂದೊಂದು ಗುಂಡಿಯೂ ಅವನಿಗೆ ಗೊತ್ತು. ಗುಂಡಿ ಬರುವ ಮೊದಲೇ ಮೈ ತಾನಾಗಿ ಬಿಗಿಯಾಗುತ್ತಿತ್ತು. ಹಿಂದಿನಿಂದ ಧಡ್ ಧಡ್ ಎಂಬ ಸದ್ದು ಬರುತ್ತಿತ್ತು. ಎಷ್ಟೋ ದಿನಗಳಿಂದ ಬರುತ್ತಿದ್ದ ಸದ್ದು. ಅವನ ಕಿವಿ ಅದನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ.

ಊರು ಬಂತು. ಹಾರ ಹಿಡಿದ ಭಕ್ತರು ಓಡಿಬಂದು ಮುಂದಿನ ಬಾಗಿಲು ತೆಗೆದರೆ ಅಲ್ಲಿ ಯಾರೂ ಇಲ್ಲ. ಅಜ್ಜಾರು ನಡು ಹಿಡಿದುಕೊಂಡು ಹಿಂದಿನಿಂದ ಇಳಿದರು. ಅಂದು ಅವರಿಗೆ ಗದ್ದುಗೆಯ ಮೇಲೆ ಕೂರಲಾಗಲಿಲ್ಲ. ಪ್ರವಚನವನ್ನು ನಿಂತೇ ಹೇಳಿದರು.

ಮರಳುವಾಗ ತಬಲಾದವನಿಗೆ ಕಾರು ನಡೆಸಲು ಹೇಳಿ, ಚನ್ನಮಲ್ಲನನ್ನು ಆ ಮೂಲೆಗೆ ಕೂರಿಸಿದರು. ತಾವೂ ಅವನ ಪಕ್ಕದಲ್ಲೇ ಕೂತರು.

ಮೊದಲ ಗುಂಡಿಗೆ ಚನ್ನಮಲ್ಲನ ತಲೆ ಕಾರಿನ ಛಾವಣಿಗೆ ಬಡಿಯಿತು. ಮುಂದಿನದಕ್ಕೆ ಸೊಂಟದಲ್ಲಿ ಚಳುಕು ಹೊಡೆಯಿತು. ಎದುರಿಗೆ ಸೀಟಿನ ಬೆನ್ನು ಅಡ್ಡ. ಗುಂಡಿ ಬರುವುದೇ ಕಾಣದು. ಅವನು ಇನ್ನೂ ಹರೆಯದವನು. ಸಾತವ್ವನಿಗೆ ಅರವತ್ತು ದಾಟಿತ್ತು. ಅದು ನೆನಪಾದದ್ದೇ ಅವನ ಮುಖ ಬಿಸಿಯಾಯಿತು.

ಆದರೂ ಆಶ್ರಮ ಮುಟ್ಟಿದ ಮೇಲೆ ಬಾಯಿ ಸುಮ್ಮನಿರಲಿಲ್ಲ.

“ಗುಂಡಿ ಪೆಟ್ಟು ತಡಿಯೂ ಶಾಕ್ ಅಬ್ಸಾರ್ಬರ್ ಹೋಗ್ಯಾವ್ರಿ ಅಜ್ಜಾರ. ಆದ್ರ ಹೋಗಬಾರದಿತ್ತು. ಎಂಬತ್ತು ಸಾವಿರ ಕಿಲೋಮೀಟರ್ ಬಾಳಿಕಿ ಬರ್ತಾವ ಅಂತ ಕಂಪನಿಯವ್ರು ಅಂದಿದ್ರು. ನಮ್ಮ ಗಾಡಿ ಅದರ ಅರ್ಧಾನೂ ಓಡಿಲ್ಲ.”

“ಯಾವ ರಸ್ತೆ ಮ್ಯಾಲ ಅಂತ ಅಂದಿದ್ರು?”



ಅಜ್ಜಾರು ಕಾರಿನ ಹಿಂದಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಶಾಕ್ ಅಬ್ಸಾರ್ಬರ್ ಗಟ್ಟಿ ಇದ್ದಿದ್ದರೆ ಕಾರು ಒಮ್ಮೆ ಎದ್ದು ನಿಲ್ಲಬೇಕಿತ್ತು. ಇದು ತೊಟ್ಟಿಲ ಹಾಗೆ ತೂಗುತ್ತಲೇ ಇತ್ತು. ಕೆಳಗೆ ಎಣ್ಣೆ ಸೋರಿ ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು. ದಿನವೂ ಕಾರು ತೊಳೆದು ಹೊಳಪು ಬರಿಸುತ್ತಿದ್ದ ಶಿಷ್ಯ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

“ಮುಂದಿನ ಸಲ ನನಗ ಹೆಂಗ ತಿಳಿಬೇಕ್ರಿ?”

“ಹಿಂದ ಕುಂತವರನ್ನ ಕೇಳು.”

“ಅವರು ಹೇಳೂದ ಇಲ್ಲಲ್ರಿ.”

“ಯಾಕ ಹೇಳೂದಿಲ್ಲ ಅನ್ನೂದನ್ನ ನಿನ್ನ ನೀ ಕೇಳ್ಕೊ.”

ಮರುದಿನ ಚನ್ನಮಲ್ಲ ಪೇಟೆಗೆ ಹೋಗಿ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದ. ಅಲ್ಲಿಂದ ನೇರ ಸಾತವ್ವನ ಮನೆಗೆ ಹೋದ. ಆಕೆ ಜೋಳ ಹಸನು ಮಾಡುತ್ತಿದ್ದಳು. ಹೋದವನೇ ಕಾಲಿಗೆ ಬಿದ್ದ.

“ತಪ್ಪಾತು ಯವ್ವಾ. ಗಾಡ್ಯಾಗ ಕುಂತ್ರ ನಡು ನೋಯ್ತೈತಿ ಅಂತ ಒಂದ ಮಾತ ಹೇಳಬಾರದ?”

“ದಾನಾ ಕೊಟ್ಟ ಎಮ್ಮಿ ಹಲ್ಲು ಹಿಡಿದು ನೋಡ್ತಾರೇನು ತಮ್ಮಾ?” ಅಂದಳು ಸಾತವ್ವ. “ಅದರಾಗೂ ಅಜ್ಜಾರು ಕುಂತ ಗಾಡಿ. ಅವರಿಗಿಲ್ಲದ ತ್ರಾಸ ನನಗ್ಯಾಕ ಆಗತೈತಿ? ನನ್ನ ಭಕ್ತಿನ ಕಮ್ಮಿ ಆಗೈತಿ ಅನಕೊಂಡೆ.”

ಚನ್ನಮಲ್ಲನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ನಾಳೆ ಪ್ರಸಾದಕ್ಕ ಬಾ ಯವ್ವಾ.”

“ನೋಡೂಣು.”

ಆಕೆ ಬರಲಿಲ್ಲ.

ಚನ್ನಮಲ್ಲ ಅಜ್ಜಾರ ಮುಂದೆ ಹೋಗಿ ನಿಂತ. “ಕಾಲಿಗೆ ಬಿದ್ದು ಬಂದೀನ್ರಿ. ಆದ್ರೂ ಬರಲಿಲ್ಲ.”

“ಬೈದಾಗ ಯಾರ್ಯಾರು ಇದ್ರು?”

“ಪಂಕ್ತಿ ತುಂಬ ಮಂದಿ ಇದ್ರು.”

“ಕಾಲಿಗೆ ಬಿದ್ದಾಗ?”

ಚನ್ನಮಲ್ಲ ತಲೆ ತಗ್ಗಿಸಿದ. “ಯಾರೂ ಇರಲಿಲ್ರಿ. ಯಾರೂ ಇಲ್ಲದ್ದ ನೋಡ್ಕೊಂಡ ಹೋಗಿದ್ದೆ.”

ಅಜ್ಜಾರು ಸಾತವ್ವನಿಗೆ ಪ್ರಸಾದಕ್ಕೆ ಬರಲು ತಾವೇ ಹೇಳಿಕಳಿಸಿದರು.

ಅಜ್ಜಾರ ಮಾತು ಮೀರಲಾರದೆ ಆಕೆ ಬಂದಳು. ಬಾಗಿಲ ಬಳಿ, ಪಂಕ್ತಿಯ ಕೊನೆಗೆ ಕೂತಳು. ಯಾರ ಮುಖವನ್ನೂ ನೋಡಲಿಲ್ಲ.

ಚನ್ನಮಲ್ಲ ಸೌಟು ಕೆಳಗಿಟ್ಟ.

“ಎಲ್ಲಾರೂ ಕೇಳ್ರಿ. ಸಾತವ್ವಗ ಸೊಕ್ಕು ಬಂದೈತಿ ಅಂತ ಇಲ್ಲೇ ನಿಂತು ಅಂದಿದ್ದೆ. ಸೊಕ್ಕು ನನಗ ಬಂದಿತ್ತು. ಗಾಡಿ ಕೆಟ್ಟಿತ್ತು, ನಾ ನೋಡಲಿಲ್ಲ. ಆಕಿ ನಡು ಮುರಿಯೂ ಹಂಗಾದ್ರೂ ಕುಂತು ಬಂದು ಹಾಡ್ಯಾಳ. ಅಂಥಾಕಿನ್ನ ನಾ...”

ಅಷ್ಟು ಮಂದಿಯ ಎದುರು ಅತ್ತುಬಿಟ್ಟ.

“ಸಾಕು ಬಿಡೊ ತಮ್ಮಾ, ಸಾಕು,” ಅಂದಳು ಸಾತವ್ವ. ಆಕೆಯ ಕಣ್ಣಲ್ಲೂ ನೀರು.

ಆಗ ಅಜ್ಜಾರು ಊಟ ಬಿಟ್ಟು ಎದ್ದರು. ಉಳಿದವರು ಗಾಬರಿಯಿಂದ ಏಳಹೋದರು. ಅಜ್ಜಾರು ಅವರನ್ನು ಕೈಸನ್ನೆ ಮಾಡಿ ಕೂರಿಸಿದರು. ನಿಧಾನವಾಗಿ ನಡೆದು ಬಂದು, ಅಳುತ್ತಿದ್ದ ಶಿಷ್ಯನ ಪಕ್ಕದಲ್ಲಿ ನಿಂತು, ಸಾತವ್ವನಿಗೆ ಕೈ ಮುಗಿದರು.

“ಯವ್ವಾ, ಇಷ್ಟು ದಿನಾ ಮುಂದಿನ ಸೀಟಿನ್ಯಾಗ ಕುಂತಾಂವ ನಾನು.”